ಕಲಾ ಪ್ರಶ್ನೋತ್ತರ: ಆ ಕಪ್ಪು ಗೆರೆ ಕಾಗದದ ಮೇಲಿದೆಯೋ, ಒಳಗಿದೆಯೋ?

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಸ್ಪೇನಿನ ಕಲಾವಿದ ಜುವಾನ್ ಮಿರೋ ಅವರ ಬಣ್ಣದ ಮುದ್ರಣಚಿತ್ರಗಳ ಪ್ರಸ್ತಾಪ ಹೇಗೋ ಬಂದು ನಾಲ್ಕೇ ಸಾಲಿನಲ್ಲಿ ಮುಗಿದುಹೋಗಿತ್ತು. ಆ ನಾಲ್ಕು ಸಾಲಿಗೆ ಬಂದ ಪತ್ರಗಳೇ ಈ ಬಾರಿಯ ಪುಟಗಳನ್ನು ತುಂಬಿವೆ. ಒಂದೇ ಧಾಟಿಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ. ಕೆಲವರು ಕೋರಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮ ಬಂಧುವೊಬ್ಬರ ಮನೆಯಲ್ಲಿ ಮಿರೋ ಅವರದೆಂದು ಹೇಳುವ ದೊಡ್ಡದೊಂದು ಅಮೂರ್ತ ಚಿತ್ರವಿದೆ. ಎತ್ತರ ಒಂದು ಮೀಟರಿಗಿಂತ ತುಸು ಹೆಚ್ಚು. ದಪ್ಪನೆಯ ಕಪ್ಪು ಗೆರೆಗಳು, ಒಂದು ಕೆಂಪು ಬಿಲ್ಲೆ, ಮೂಲೆಯಲ್ಲಿ ನೀಲಿ, ಅಲ್ಲಲ್ಲಿ ಹಳದಿ. ಕೆಳಗೆ ಎಡಗಡೆ ಪೆನ್ಸಿಲಿನಲ್ಲಿ 41/75 ಎಂದೂ ಬಲಗಡೆ ಸಹಿಯೂ ಇದೆ. ಇದು ಮೂಲಕೃತಿ ಎಂದು ಅವರ ವಾದ. ಎಪ್ಪತ್ತೈದು ಪ್ರತಿಗಳಿರುವ ವಸ್ತು ಮೂಲ ಹೇಗಾಗುತ್ತದೆ? ನಿಜವಾದ ಮೂಲ ಬೇರೆಲ್ಲೋ ಇರಬೇಕಲ್ಲವೆ?

ಉತ್ತರ: ಬೇರೆಲ್ಲೂ ಇಲ್ಲ. ಈ ಒಂದು ವಿಷಯದಲ್ಲಿ ನಿಮ್ಮ ಬಂಧುಗಳ ವಾದ ಸರಿಯಾಗಿಯೇ ಇದೆ. ಅವರಲ್ಲಿರುವ ಹಾಳೆ ನಿಜಕ್ಕೂ ಮಿರೋ ಅವರದೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಮುಂದೆ ಬರುತ್ತೇನೆ.

ಮುದ್ರಣ ಎಂದೊಡನೆ ನಮಗೆ ಕ್ಯಾಲೆಂಡರ್ ನೆನಪಾಗುತ್ತದೆ. ಯಾರೋ ಬರೆದ ವರ್ಣಚಿತ್ರ, ಅದರದೊಂದು ಫೋಟೊ, ಆ ಫೋಟೊದಿಂದ ಸಾವಿರಾರು ಪ್ರತಿ. ಅಲ್ಲಿ ಮೂಲವೊಂದಿದೆ, ಉಳಿದವೆಲ್ಲ ಅದರ ನೆರಳು. ಮಿರೋ ಅವರ ಮುದ್ರಣಚಿತ್ರಗಳ ಹಿಂದೆ ಅಂಥ ವರ್ಣಚಿತ್ರವಿರುವುದಿಲ್ಲ. ಅವರು ಕೆಲಸ ಮಾಡಿದ್ದು ನೇರವಾಗಿ ಲೋಹದ ತಗಡಿನ ಮೇಲೆ, ಇಲ್ಲವೇ ಕಲ್ಲಿನ ಮೇಲೆ. ತಗಡಿನಲ್ಲಿರುವುದು ಎಡಬಲ ಅದಲುಬದಲಾದ ಅಚ್ಚು ಮಾತ್ರ. ಅದಕ್ಕೆ ಶಾಯಿ ತುಂಬಿ, ಒದ್ದೆ ಮಾಡಿದ ಕಾಗದ ಹೊದಿಸಿ, ಯಂತ್ರದ ಉರುಳೆಗಳ ನಡುವೆ ಹಾಯಿಸಿ, ಕಾಗದವನ್ನು ಮೂಲೆ ಹಿಡಿದು ಮೆಲ್ಲಗೆ ಎತ್ತಿದಾಗಲೇ ಚಿತ್ರ ಮೊದಲ ಬಾರಿಗೆ ಕಣ್ಣಿಗೆ ಬೀಳುವುದು. ಟಂಕಸಾಲೆಯ ಅಚ್ಚನ್ನು ಯಾರೂ ಅಸಲಿ ನಾಣ್ಯವೆಂದು ಕರೆದು, ಅದರಿಂದ ಬಂದ ನಾಣ್ಯಗಳನ್ನು ನಕಲು ಎನ್ನುವುದಿಲ್ಲವಷ್ಟೆ. ಇಲ್ಲಿಯೂ ಹಾಗೆಯೇ, ಎಪ್ಪತ್ತೈದೂ ಮೂಲವೇ.

41/75 ಎಂಬುದು ನಲವತ್ತೊಂದನೆಯದಾಗಿ ಅಚ್ಚಾದ ಹಾಳೆ ಎಂದೇನೂ ಹೇಳುವುದಿಲ್ಲ. ಒಣಗಿದ ಹಾಳೆಗಳನ್ನು ಪೇರಿಸಿಟ್ಟು ಅಂಕೆ ಹಾಕುವಾಗ ಕೈಗೆ ಬಂದ ಕ್ರಮ ಅದು. ಕಡಿಮೆ ಅಂಕೆಯ ಪ್ರತಿ ಮೇಲ್ಮಟ್ಟದ್ದು ಎಂಬ ಮಾರಾಟಗಾರರ ಮಾತಿಗೆ, ಸೂಜಿಯಿಂದ ನೇರವಾಗಿ ಗೀರಿದ, ಬೇಗ ಸವೆಯುವ ಡ್ರೈಪಾಯಿಂಟ್ ತಗಡುಗಳ ವಿಷಯದಲ್ಲಿ ಒಂದಿಷ್ಟು ಆಧಾರವಿತ್ತು. ಇಂಥ ಚಿತ್ರಗಳಲ್ಲಿ ಅದಕ್ಕೆ ಹುರುಳಿಲ್ಲ. ಅಂಕೆಯ ಜಾಗದಲ್ಲಿ ಫ್ರೆಂಚ್ ಸಂಕ್ಷೇಪವೇನಾದರೂ ಇದ್ದರೆ ಗಾಬರಿ ಬೇಡ. ‘ಇ.ಎ.’ ಎಂದಿದ್ದರೆ ಕಲಾವಿದರ ಪಾಲಿನ ಪ್ರತಿ, ‘ಎಚ್.ಸಿ.’ ಎಂದಿದ್ದರೆ ಮಾರಾಟಕ್ಕಲ್ಲದ ಪ್ರತಿ. ಇವೆಲ್ಲಕ್ಕೂ ಮುಂಚೆ ಪರೀಕ್ಷೆಗಾಗಿ ತೆಗೆದ ಹಾಳೆಗಳಲ್ಲಿ ಕಲಾವಿದರು ಒಪ್ಪಿ, ‘ಇನ್ನು ಅಚ್ಚು ಹಾಕಬಹುದು’ ಎಂದು ಬರೆದುಕೊಟ್ಟ ಒಂದು ಹಾಳೆ ಇರುತ್ತದೆ. ಮುದ್ರಕರು ಅದನ್ನು ಎದುರಿಗೆ ತೂಗುಹಾಕಿಕೊಂಡು ಪ್ರತಿಯೊಂದು ಪ್ರತಿಯನ್ನೂ ಅದಕ್ಕೆ ಹೋಲಿಸಿ ನೋಡುತ್ತಾರೆ, ಹೊಂದದ್ದನ್ನು ಹರಿದುಹಾಕುತ್ತಾರೆ.

ಹಾಗಾದರೆ ಯಂತ್ರ ತಿರುಗಿಸಿದವರು ಯಾರೋ, ಹೆಸರು ಪಡೆದವರು ಯಾರೋ ಎಂದು ಇನ್ನೊಬ್ಬರು ಬರೆದಿದ್ದಾರೆ. ಆ ಆಕ್ಷೇಪಣೆಯಲ್ಲಿ ನ್ಯಾಯವಿದೆ. ಮಿರೋ ಅವರ ಕಲ್ಲಚ್ಚಿನ ಚಿತ್ರಗಳಲ್ಲಿ ಹಲವು ಪ್ಯಾರಿಸ್ಸಿನ ಫೆರ್ನಾಂ ಮುರ್ಲೊ ಅವರ ಮುದ್ರಣಾಲಯದಿಂದ ಬಂದವು. ತಗಡಿನ ಅಚ್ಚುಗಳಲ್ಲಿ, ಪ್ರಕಾಶಕ ಎಮೆ ಮಾಗ್ ಅವರಿಗಾಗಿ ಕೆಲಸ ಮಾಡುತ್ತಿದ್ದ ಮುದ್ರಕ ರಾಬೇರ್ ದ್ಯುತ್ರು ಅವರ ಕೈ ದೊಡ್ಡದು. ಮಿರೋ ತಗಡಿನ ಮೇಲೆ ಏನು ಬೇಕಾದರೂ ಎರಚಬಹುದಿತ್ತು. ಎರಚಿದ್ದು ಕಾಗದಕ್ಕೆ ಇಳಿಯುವಂತೆ ಮಾಡಲು ಇಂಥವರು ಬೇಕಿತ್ತು.

ಪ್ರಶ್ನೆ: ಇಂಥದೇ ಒಂದು ದೊಡ್ಡ ಚಿತ್ರವನ್ನು ಹತ್ತಿರದಿಂದ ನೋಡಿದೆ. ಕಪ್ಪು ಗೆರೆ ಡಾಂಬರಿನಂತೆ ದಪ್ಪವಾಗಿ, ಮರಳುಮರಳಾಗಿ ಕಾಣುತ್ತದೆ. ಮುದ್ರಿಸಿದ ಮೇಲೆ ಬ್ರಶ್ಶಿನಿಂದ ಬಣ್ಣ ಬಳಿದಿರಬಹುದೆ?

ಉತ್ತರ: ಬಂದ ಪತ್ರಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದ ಪ್ರಶ್ನೆ ಇದು, ಕೇಳಿದವರು ಅರ್ಥ ಹುಡುಕುವ ಮೊದಲು ಮೇಲ್ಮೈಯನ್ನು ನೋಡಿದ್ದಾರೆ. ಬ್ರಶ್ಶು ಹೌದು, ಆದರೆ ಅದು ಓಡಾಡಿದ್ದು ಕಾಗದದ ಮೇಲಲ್ಲ, ತಗಡಿನ ಮೇಲೆ.

ತಾಮ್ರದ ತಗಡಿನಲ್ಲಿ ಅಚ್ಚು ಕೊರೆಯುವ ಹಳೆಯ ವಿಧಾನ ಎಚಿಂಗ್. ತಗಡಿಗೆ ಮೇಣದಂಥ ಲೇಪ ಕೊಟ್ಟು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಮುಳುಗಿಸಿದರೆ ಗೀರಿದಲ್ಲೆಲ್ಲ ಲೋಹ ಕೊರೆದು ಹಳ್ಳವಾಗುತ್ತದೆ, ಶಾಯಿ ಆ ಹಳ್ಳದಲ್ಲಿ ನಿಲ್ಲುತ್ತದೆ. ಇದರಿಂದ ಗೆರೆ ಬರುತ್ತದೆ, ಹರವಾದ ಬಣ್ಣ ಬಾರದು. ಹರವಿಗೆ ಅಕ್ವಾಟಿಂಟ್ ಬೇಕು. ತಗಡಿನ ಮೇಲೆ ರಾಳದ ಪುಡಿಯನ್ನು ತೆಳ್ಳಗೆ ಉದುರಿಸಿ, ಅಡಿಯಿಂದ ಬಿಸಿ ಮಾಡಿ ಅಂಟಿಸಿ, ಆಮ್ಲಕ್ಕೆ ಇಳಿಸಿದರೆ ರಾಳದ ಕಣಗಳ ಸಂದಿನಲ್ಲಿ ಮಾತ್ರ ಲೋಹ ಕೊರೆಯುತ್ತದೆ. ಆ ಸಾವಿರಾರು ಸೂಕ್ಷ್ಮ ಕುಳಿಗಳು ಶಾಯಿ ಹಿಡಿದು ಸಮನಾದ ಬಣ್ಣದ ಹಾಸನ್ನು ಕೊಡುತ್ತವೆ. ಇದು ಅಂದವೇ. ಆದರೆ ತಾಳ್ಮೆಯ, ಸುತ್ತುದಾರಿಯ ಅಂದ. ಕೈಬೀಸಿ ಒಂದೇ ಎಳೆತಕ್ಕೆ ಬರೆಯುವ ಮನುಷ್ಯನಿಗೆ ಲೇಪ, ಪುಡಿ, ಬಿಸಿ, ಆಮ್ಲ ಇವೆಲ್ಲ ಕೈ ಹಿಡಿದು ನಿಲ್ಲಿಸುವ ಅಡ್ಡಿಗಳು.

ಈ ಅಡ್ಡಿಯನ್ನು ತೆಗೆದವರು ಫ್ರಾನ್ಸಿನಲ್ಲಿ ನೆಲೆಸಿದ್ದ ಅಮೆರಿಕ ಮೂಲದ ಕಲಾವಿದ ಆನ್ರಿ ಗೋಟ್ಸ್. ಸಾಣೆಕಲ್ಲಿನಲ್ಲಿ ಬಳಸುವ ಕಾರ್ಬೊರಂಡಂ, ಅಂದರೆ ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ರಾಳದ ಅಂಟಿಗೆ ಕಲಸಿ, ಆ ಕಲಸನ್ನು ನೇರವಾಗಿ ತಗಡಿಗೆ ಬಳಿದು ಒಣಗಿಸಿದರೆ ಅದು ಲೋಹದಷ್ಟೇ ಗಟ್ಟಿಯಾಗಿ ಕುಳಿತುಕೊಳ್ಳುತ್ತದೆಂದೂ, ಅದರ ಒರಟು ಕಣಗಳ ನಡುವೆ ಶಾಯಿ ಯಥೇಚ್ಛವಾಗಿ ನಿಲ್ಲುತ್ತದೆಂದೂ ಅವರು ತೋರಿಸಿಕೊಟ್ಟರು. ಆಮ್ಲದ ಗೊಡವೆಯೇ ಇಲ್ಲ. ಮಿರೋ ಇದನ್ನು ಕೈಗೆತ್ತಿಕೊಂಡದ್ದು 1967ರಲ್ಲಿ, 74ನೆಯ ವಯಸ್ಸಿನಲ್ಲಿ. ಅದೇ ವರ್ಷದ ‘ಈಕ್ವಿನಾಕ್ಸ್’ ಎಂಬ ಚಿತ್ರ ಒಂದು ಮೀಟರಿಗಿಂತ ಎತ್ತರದ ಹಾಳೆಯದು. ಗೋಟ್ಸ್ 1968ರಲ್ಲಿ ಈ ವಿಧಾನದ ಬಗ್ಗೆ ಪ್ರಕಟಿಸಿದ ಕಿರುಪುಸ್ತಕಕ್ಕೆ ಮುನ್ನುಡಿಯಾಗಿರುವುದು ಮಿರೋ ಅವರು ಬರೆದ ಪತ್ರ. ಹೊಸ ಉಪಕರಣ ಸಿಕ್ಕಿದ ಮೇಲೆ ಅವರ ಮುದ್ರಣಚಿತ್ರಗಳ ಅಳತೆಯೂ ಅದರ ಕಪ್ಪೂ ಒಟ್ಟಿಗೇ ಬೆಳೆದವು. ಮೊದಲಿನ ಹಾಳೆಗಳಲ್ಲಿ ಕಪ್ಪು ಎಂದರೆ ರೇಖೆ. ಇಲ್ಲಿ ಕಪ್ಪು ಎಂದರೆ ಭಾರ.

ಇನ್ನು ತಲೆಬರಹದ ಪ್ರಶ್ನೆ. ಎಚಿಂಗ್‌ನಲ್ಲಿ ತಗಡು ತಗ್ಗಾಗಿರುವುದರಿಂದ ಕಾಗದದ ಮೇಲೆ ಗೆರೆ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಕಾರ್ಬೊರಂಡಂನಲ್ಲಿ ಇದು ತಿರುವುಮುರುವು: ಕಲಸು ತಗಡಿನಿಂದ ಮೇಲೆದ್ದಿರುತ್ತದೆ, ಯಂತ್ರದ ಒತ್ತಡಕ್ಕೆ ಅದು ಒದ್ದೆ ಕಾಗದದೊಳಕ್ಕೆ ಇಳಿಯುತ್ತದೆ. ನೀವು ಕಂಡ ದಪ್ಪ ಕಪ್ಪು ಗೆರೆ ಕಾಗದದ ಮೇಲೆ ಕುಳಿತಿಲ್ಲ, ತಾನೇ ತೋಡಿಕೊಂಡ ತಗ್ಗಿನಲ್ಲಿ ಶಾಯಿ ತುಂಬಿಕೊಂಡು ಮಲಗಿದೆ. ಚೌಕಟ್ಟಿಲ್ಲದ ಹಾಳೆಯನ್ನು ಹಿಂಬದಿಯಿಂದ ನೋಡಿದರೆ ಅದೇ ಗೆರೆ ಬಣ್ಣವಿಲ್ಲದ ಉಬ್ಬಾಗಿ, ಬಿಳಿಯ ಮೇಲೆ ಬಿಳಿಯಾಗಿ ಕಾಣುತ್ತದೆ. ಬಾರ್ಸಿಲೋನಾದ ಮೋಂಜುಯಿಕ್ ಗುಡ್ಡದ ಮೇಲೆ 1975ರಲ್ಲಿ ತೆರೆದ ಮಿರೋ ಪ್ರತಿಷ್ಠಾನದ ಕಟ್ಟಡದಲ್ಲಿ, ಅವರ ಗೆಳೆಯ ಜುಸೆಪ್ ಲ್ಯೂಯಿಸ್ ಸೆರ್ಟ್ ವಿನ್ಯಾಸ ಮಾಡಿದ ಆ ಬೆಳಕಿನ ಕೋಣೆಗಳಲ್ಲಿ, ನಾನು ಇಂಥದೊಂದು ಹಾಳೆಯ ಎದುರು ನಿಂತು ಏನೂ ತೋಚದೆ ಪಕ್ಕಕ್ಕೆ ಸರಿದೆ. ಓರೆಯಾಗಿ ನೋಡಿದೊಡನೆ ಗೆರೆಯ ಅಂಚಿನಲ್ಲಿ ಸಣ್ಣ ನೆರಳು ಬಿದ್ದಿತ್ತು. ಬ್ರಶ್ಶನ್ನು ಎಲ್ಲಿ ಒತ್ತಿದರು, ಎಲ್ಲಿ ಕಲಸು ಮುಗಿದು ಗೆರೆ ಒಡಕಾಯಿತು, ಎಲ್ಲಿ ತೊಟ್ಟು ಜಾರಿತು, ಎಲ್ಲವೂ ಆ ನೆರಳಿನಲ್ಲಿ ಓದಲು ಸಿಗುತ್ತಿತ್ತು. ಎದುರಿಗೆ ನಿಂತಾಗ ಬರಿಯ ಆಕಾರವಾಗಿದ್ದದ್ದು ಪಕ್ಕದಿಂದ ಒಂದು ಕೈಯ ಓಟವಾಯಿತು. ಪುಸ್ತಕದಲ್ಲಿ ಅಚ್ಚಾದ ಫೋಟೊದಲ್ಲಿ ಇದು ಎಂದಿಗೂ ಕಾಣುವುದಿಲ್ಲ.

ಪ್ರಶ್ನೆ: ಎಲ್ಲ ಸರಿ, ಆದರೆ ಅದರ ಅರ್ಥವೇನು? ಅಮೂರ್ತ ಎಂದರೆ ಏನೂ ಇಲ್ಲ ಎಂದೇ?

ಉತ್ತರ: ಮಿರೋ ಅವರೇ ಇದಕ್ಕೆ ಸಿಟ್ಟಿನಿಂದ ಉತ್ತರಿಸುತ್ತಿದ್ದರು. ಅಮೂರ್ತ ಎಂಬ ಹಣೆಪಟ್ಟಿಯನ್ನು ಅವರು ಒಪ್ಪಲಿಲ್ಲ. ತನ್ನ ಪಾಲಿಗೆ ಯಾವ ಆಕಾರವೂ ಬರಿಯ ಆಕಾರವಲ್ಲ, ಅದು ಮನುಷ್ಯನದೋ ಹಕ್ಕಿಯದೋ ಮತ್ತಾವುದರದೋ ಗುರುತು ಎಂಬ ಅರ್ಥದ ಮಾತನ್ನು ಅವರು 1948ರಲ್ಲಿ ಅಮೆರಿಕದ ವಿಮರ್ಶಕ ಜೇಮ್ಸ್ ಜಾನ್ಸನ್ ಸ್ವೀನಿ ಅವರೊಂದಿಗಿನ ಸಂದರ್ಶನದಲ್ಲಿ ಹೇಳಿದ್ದಾರೆ. ಹೆಣ್ಣು, ಹಕ್ಕಿ, ನಕ್ಷತ್ರ, ಚಂದ್ರ, ಕಣ್ಣು, ಏಣಿ: ಇಷ್ಟೇ ಅವರ ವರ್ಣಮಾಲೆ ಎನ್ನಬಹುದು. ಒಂದರ ಮೇಲೊಂದು ಹಾದುಹೋಗುವ ನಾಲ್ಕು ಗೀಟು ಕಂಡರೆ ಅದು ನಕ್ಷತ್ರ.

ಆದರೂ ಅವರ ಚಿತ್ರವನ್ನು ಒಗಟಿನಂತೆ ಬಿಡಿಸಲು ಕೂರಬೇಡಿ ಎಂದೇ ನನ್ನ ಸಲಹೆ. ಗುರುತುಗಳು ಎಲ್ಲಿಂದ ಬಂದವೆಂದು ತಿಳಿದರೆ ಸಾಕು, ಚಿತ್ರ ತಾನಾಗಿಯೇ ಹತ್ತಿರವಾಗುತ್ತದೆ. ಬಾರ್ಸಿಲೋನಾದಲ್ಲಿ 1893ರಲ್ಲಿ ಹುಟ್ಟಿದ ಮಿರೋ ಬಾಲ್ಯದಿಂದಲೂ ಕಟಲಾನ್ ನಾಡಿನ ಹಳೆಯ ಇಗರ್ಜಿಗಳ ಭಿತ್ತಿಚಿತ್ರಗಳನ್ನು ಕಂಡು ಬೆಳೆದವರು. ಪಿರನೀಸ್ ಬೆಟ್ಟಗಳ ನಡುವಿನ ತಾವುಲ್ ಎಂಬ ಹಳ್ಳಿಯಲ್ಲಿ 1123ರಲ್ಲಿ ಪ್ರತಿಷ್ಠೆಯಾದ ಸಂತ ಕ್ಲಿಮೆಂಟರ ಇಗರ್ಜಿಯಿದೆ. ಅದರ ಗೋಡೆಯಿಂದ ಬಿಡಿಸಿ ತಂದ ಚಿತ್ರ ಈಗ ಬಾರ್ಸಿಲೋನಾದಲ್ಲಿರುವ ಕಟಲೋನಿಯಾದ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿದೆ. ಅದರಲ್ಲೊಂದು ಕುರಿಮರಿ, ಅದರ ಮುಖದ ತುಂಬ ಏಳು ಕಣ್ಣು. ಅಲ್ಲಿಯ ದೇವದೂತರ ರೆಕ್ಕೆಗಳ ಮೇಲೂ ಕಣ್ಣುಗಳಿವೆ. ಎಲ್ಲಕ್ಕೂ ದಪ್ಪ ಕಪ್ಪು ಅಂಚು, ಅಂಚಿನೊಳಗೆ ನೆರಳುಬೆಳಕಿಲ್ಲದ ಸಪಾಟಾದ ಕೆಂಪು, ನೀಲಿ, ಹಳದಿ. ಎಂಟು ನೂರು ವರ್ಷಗಳ ಅಂತರವನ್ನು ಮರೆತು ಇದನ್ನೂ ಮಿರೋ ಅವರ ಹಾಳೆಯನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಎಲ್ಲೆಂದರಲ್ಲಿ ತೆರೆದುಕೊಳ್ಳುವ ಅವರ ಕಣ್ಣುಗಳು ಆಧುನಿಕತೆಯ ಹುಚ್ಚಾಟವೆಂದು ಆಮೇಲೆ ಅನ್ನಿಸುವುದಿಲ್ಲ.

ಇನ್ನೊಂದು ಮೂಲ ಹಸಿವು. 1920ರ ದಶಕದ ಪ್ಯಾರಿಸ್ಸಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಕಳೆದ ದಿನಗಳಲ್ಲಿ, ಹಸಿವಿನ ಮಂಪರಿನಲ್ಲಿ ಕಂಡ ಆಕಾರಗಳನ್ನು ಬರೆದಿಟ್ಟುಕೊಂಡೆ ಎಂದು ಅವರು ಅದೇ ಸಂದರ್ಶನದಲ್ಲಿ ನೆನೆದುಕೊಂಡಿದ್ದಾರೆ. ಕಪ್ಪಿಗೂ ಒಂದು ಹಿನ್ನೆಲೆಯಿದೆ. ಅಂತರ್ಯುದ್ಧ ಮುಗಿದು ಸರ್ವಾಧಿಕಾರಿ ಫ್ರಾಂಕೋ ಆಳ್ವಿಕೆ ಬಂದ ಮೇಲೆ ಸ್ಪೇನಿಗೆ ಮರಳಿ ಸದ್ದಿಲ್ಲದೆ ಬದುಕುತ್ತಿದ್ದ ಕಾಲದಲ್ಲಿ, 1944ರಲ್ಲಿ, ಅವರು ಐವತ್ತು ಕಲ್ಲಚ್ಚುಗಳ ‘ಬಾರ್ಸಿಲೋನಾ ಸರಣಿ’ಯನ್ನು ಹೊರತಂದರು. ಎಲ್ಲವೂ ಕಪ್ಪು, ಹಲ್ಲು ಕಿರಿಯುವ ದೈತ್ಯರೂ ಬೆದರಿದ ಹೆಂಗಸರೂ ತುಂಬಿದ ಹಾಳೆಗಳು, ಬೆರಳೆಣಿಕೆಯ ಪ್ರತಿಗಳು. ಕಡೆಗಾಲದ ದೊಡ್ಡ ಬಣ್ಣದ ಚಿತ್ರಗಳನ್ನು ಮಕ್ಕಳಾಟದ ಸಂತೋಷವೆಂದು ವರ್ಣಿಸುವವರು ಆ ಐವತ್ತನ್ನು ಒಮ್ಮೆ ನೋಡಬೇಕು. ಕೆಂಪು ಬಿಲ್ಲೆಯನ್ನು ಸುತ್ತುವರಿದ ಕಪ್ಪು ಅಲ್ಲಿಂದ ನಡೆದುಬಂದದ್ದು.

ಪ್ರಶ್ನೆ: ಹೆಸರನ್ನು ಜೋನ್ ಎನ್ನಬೇಕೆ, ಹುವಾನ್ ಎನ್ನಬೇಕೆ? ಕೆಲವರು ಹೆಣ್ಣೆಂದೂ ತಿಳಿದಿದ್ದಾರೆ.

ಉತ್ತರ: ಇಂಗ್ಲಿಷಿನಲ್ಲಿ Joan ಎಂಬ ಆ ಕಾಗುಣಿತ ಹೆಣ್ಣಿನ ಹೆಸರು, ಕಟಲಾನ್ ಭಾಷೆಯಲ್ಲಿ ಗಂಡಿನದು. ಉಚ್ಚಾರ ‘ಜುವಾನ್’ ಎಂಬುದಕ್ಕೆ ಹತ್ತಿರ. ‘ಹುವಾನ್’ ಸ್ಪ್ಯಾನಿಷ್ ರೂಪ. ಅವರು ಕಟಲಾನ್ ರೂಪವನ್ನೇ ಉಳಿಸಿಕೊಂಡರು.

ಪ್ರಶ್ನೆ: ಹಳೆಯ ಪುಸ್ತಕಗಳ ರಾಶಿಯಲ್ಲಿ ನನಗೆ ಮಿರೋ ಅವರ ಬಣ್ಣದ ಹಾಳೆಯೊಂದು ಸಿಕ್ಕಿದೆ. ನಡುವೆ ಮಡಿಕೆಯ ಗುರುತಿದೆ, ಸಹಿಯಿಲ್ಲ. ಇದು ಬೆಲೆಬಾಳುವ ಮುದ್ರಣವೋ, ಪೋಸ್ಟರೋ?

ಉತ್ತರ: ಮಡಿಕೆ ಇದೆ, ಸಹಿ ಇಲ್ಲ ಎಂದೊಡನೆ ನನ್ನ ಊಹೆ ‘ದೆರಿಯೇರ್ ಲ ಮಿರ್ವಾರ್’ ಕಡೆಗೆ ಹೋಗುತ್ತದೆ. ಮಾಗ್ ಗ್ಯಾಲರಿ 1946ರಿಂದ 1982ರವರೆಗೆ ಹೊರತರುತ್ತಿದ್ದ ಕಲಾಪತ್ರಿಕೆ ಅದು. ‘ಕನ್ನಡಿಯ ಹಿಂದೆ’ ಎಂದು ಹೆಸರಿನ ಅರ್ಥ. ಮಿರೋ ಮತ್ತು ಅವರ ಸಮಕಾಲೀನರು ಇದಕ್ಕಾಗಿಯೇ ಮಾಡಿಕೊಟ್ಟ ಅಸಲಿ ಕಲ್ಲಚ್ಚುಗಳು ಅದರ ಸಂಚಿಕೆಗಳಲ್ಲಿ ಮಡಿಚಿದ ಪುಟಗಳಾಗಿ ಸೇರಿಕೊಂಡಿರುತ್ತಿದ್ದವು. ಹಾಗಾಗಿ ನಿಮ್ಮದು ಅಸಲಿಯಾಗಿರಬಹುದು, ಆದರೆ ಅಪರೂಪದ್ದಾಗಿರಲಾರದು.

ಭೂತಗನ್ನಡಿ ಹಿಡಿದು ನೋಡಿ. ಬಣ್ಣವೆಲ್ಲ ಸಾಲಾಗಿ ಜೋಡಿಸಿದ ಪುಟ್ಟ ಚುಕ್ಕೆಗಳಾಗಿ, ಆಕಾಶನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಹೂವಿನ ಎಸಳಿನಂತೆ ಗುಂಪುಗೂಡಿ ಕಂಡರೆ ಅದು ಫೋಟೊದಿಂದ ಮಾಡಿದ ಆಫ್‌ಸೆಟ್ ಪ್ರತಿ. ಕಲ್ಲಚ್ಚಿನಲ್ಲಿ ಕೆಂಪು ಎಂದರೆ ಕೆಂಪು ಶಾಯಿಯೇ. ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು ನೀರು ಸವರಿದರೆ, ಬರೆದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಬಣ್ಣ ಒಂದಕ್ಕೆ ಕಲ್ಲು ಒಂದು. ಅದರ ಕಣಗಳು ಸಾಲುಗಟ್ಟುವುದಿಲ್ಲ, ಒರಟು ಕಾಗದದ ಮೇಲೆ ಸೀಮೆಸುಣ್ಣ ಎಳೆದಂತೆ ಅಡ್ಡಾದಿಡ್ಡಿಯಾಗಿ ಚೆದುರಿರುತ್ತವೆ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಮೊದಲ ಪತ್ರದ 41/75ಕ್ಕೂ ಇದು ಅನ್ವಯಿಸುತ್ತದೆ. ಪತ್ರಿಕೆಯ ಈ ಸಹಿಯಿಲ್ಲದ ಅಸಲಿ ಹಾಳೆಗಳ ಮೇಲೆಯೇ ಪೆನ್ಸಿಲಿನ ನಕಲಿ ಸಹಿಯನ್ನೂ ಅಂಕೆಯನ್ನೂ ಸೇರಿಸಿ ಮಾರುವುದು ಹಳೆಯ ಕಸುಬು. ಚಿತ್ರ ನಿಜ, ಸಹಿ ಸುಳ್ಳು! 2008ರಲ್ಲಿ ಶಿಕಾಗೋದ ಕೇಂದ್ರ ಸರ್ಕಾರಿ ವಕೀಲರು ಮಿರೋ, ಪಿಕಾಸೋ, ಶಗಾಲ್, ಡಾಲಿ ಮೊದಲಾದವರ ಹೆಸರಿನ ನಕಲಿ ಮುದ್ರಣಗಳ ಜಾಲವೊಂದರ ಮೇಲೆ ಮೊಕದ್ದಮೆ ಹೂಡಿದರು. ಆರೋಪಿಗಳಲ್ಲಿ ಸ್ಪೇನ್, ಇಟಲಿಯವರೂ ಇದ್ದರು. ಆದ್ದರಿಂದ ಸಹಿಯನ್ನು ಕಡೆಗೆ ನೋಡಿ. ಮೊದಲು ನೋಡಬೇಕಾದದ್ದು ಸಮಗ್ರ ಸೂಚಿ. ಮಿರೋ ಅವರ ಕಲ್ಲಚ್ಚುಗಳಿಗೆ ಆರು ಸಂಪುಟ, ತಗಡಚ್ಚುಗಳಿಗೆ ನಾಲ್ಕು ಸಂಪುಟಗಳ ಸೂಚಿಗಳಿವೆ. ಪ್ರತಿಯೊಂದು ಚಿತ್ರದ ಅಳತೆ, ವಿಧಾನ, ಕಾಗದ, ಪ್ರತಿಗಳ ಸಂಖ್ಯೆ ಅವುಗಳಲ್ಲಿ ದಾಖಲಾಗಿದೆ. ಸೂಚಿಯಲ್ಲಿ ಕಾರ್ಬೊರಂಡಂ ಎಂದಿದ್ದು ನಿಮ್ಮ ಎದುರಿನ ಹಾಳೆ ನುಣ್ಣಗೆ ಸಪಾಟಾಗಿದ್ದರೆ, ಸಹಿ ಎಷ್ಟೇ ಚೆನ್ನಾಗಿದ್ದರೂ ಮಾತು ಅಲ್ಲಿಗೆ ಮುಗಿಯಿತು. ಕಾಗದವನ್ನು ಬೆಳಕಿಗೆ ಹಿಡಿದರೆ ತಯಾರಕರ ವಾಟರ್‌ಮಾರ್ಕ್ ಕಾಣಬಹುದು. ಫ್ರಾನ್ಸಿನಲ್ಲಿ ಅಚ್ಚಾದವುಗಳಲ್ಲಿ ಆರ್ಶ್, ರೀವ್ ಎಂಬ ಹೆಸರುಗಳು, ಬಾರ್ಸಿಲೋನಾದಲ್ಲಿ ಅಚ್ಚಾದ ಹಲವುಗಳಲ್ಲಿ ಗುವಾರೋ. ಅದು ಸೂಚಿಯಲ್ಲಿರುವುದಕ್ಕೆ ಹೊಂದಬೇಕು.

ಪ್ರಶ್ನೆ: ತಾಪಿಯೆಸ್ ಎಂಬ ಇನ್ನೊಬ್ಬ ಸ್ಪ್ಯಾನಿಷ್ ಕಲಾವಿದರ ಮುದ್ರಣವೂ ಹೀಗೆಯೇ ಒರಟಾಗಿದೆ, ಆದರೆ ಮಣ್ಣುಬಣ್ಣ. ಅವರು ಮಿರೋ ಅವರ ಶಿಷ್ಯರೆ?

ಉತ್ತರ: ಶಿಷ್ಯರಲ್ಲ, ಅದೇ ಊರಿನ ಮುಂದಿನ ತಲೆಮಾರಿನವರು. ಆಂಟೋನಿ ತಾಪಿಯೆಸ್ 1923ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿ 2012ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರೂ ಕಾರ್ಬೊರಂಡಂ ಬಳಸಿದರು, ಆದರೆ ಮಿರೋ ಅವರಂತೆ ಬ್ರಶ್ಶಿನ ಓಟಕ್ಕಾಗಿ ಅಲ್ಲ, ಗೋಡೆಯ ಒರಟಿಗಾಗಿ. ಶಿಲುಬೆ, ಗುಣಾಕಾರದ ಗುರುತು, ಗೀರು ಇವೇ ಅವರ ಸಾಮಗ್ರಿ. ಕಟಲಾನ್ ಭಾಷೆಯಲ್ಲಿ ಅವರ ಮನೆತನದ ಹೆಸರಿಗೆ ‘ಗೋಡೆಗಳು’ ಎಂದೇ ಅರ್ಥ. ಬಣ್ಣಕ್ಕಾಗಿ ಅವರ ಬಳಿಗೆ ಹೋದವರಿಗೆ ನಿರಾಸೆಯಾಗುತ್ತದೆ. ನನಗಂತೂ ಅವರ ಕಂದುಬಣ್ಣ ಸಾಕು.

ಪ್ರಶ್ನೆ: ಇಷ್ಟು ದೊಡ್ಡ ಹಾಳೆಯನ್ನು ಕೆಡದಂತೆ ತೂಗುಹಾಕುವುದು ಹೇಗೆ? ಚೌಕಟ್ಟಿಗೆ ಹೊಂದುವಂತೆ ಸುತ್ತಲಿನ ಬಿಳಿ ಅಂಚನ್ನು ಕತ್ತರಿಸಬಹುದೆ?

ಉತ್ತರ: ದಯವಿಟ್ಟು ಕತ್ತರಿಸಬೇಡಿ. ಅಂಚನ್ನು ಕತ್ತರಿಸಿದ ಹಾಳೆಯ ಅಳತೆ ಸೂಚಿಗೆ ಹೊಂದುವುದಿಲ್ಲ, ಬೆಲೆಯೂ ಅರ್ಧಕ್ಕರ್ಧ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಿರೋ ಎಷ್ಟೋ ಚಿತ್ರಗಳಲ್ಲಿ ತಗಡನ್ನು ಕಾಗದದ ಅಂಚಿನವರೆಗೂ ಚಾಚಿದ್ದಾರೆ. ಅಲ್ಲಿ ಬಿಳಿ ಎಂದು ನೀವು ತಿಳಿದದ್ದು ಚಿತ್ರದ್ದೇ ಭಾಗ.

ನೇರ ಬಿಸಿಲು ಬೀಳದ ಗೋಡೆಯನ್ನು ಆರಿಸಿ, ನೇರಳಾತೀತ ಕಿರಣಗಳನ್ನು ತಡೆಯುವ ಗಾಜು ಹಾಕಿಸಿ. ಗಾಜು ಹಾಳೆಗೆ ತಾಗಬಾರದು, ತಾಗಿದರೆ ತೇವ ನಿಂತು ಶಾಯಿ ಗಾಜಿಗೆ ಅಂಟಿಕೊಳ್ಳುತ್ತದೆ. ಕಾರ್ಬೊರಂಡಂ ಚಿತ್ರದಲ್ಲಂತೂ ದಪ್ಪ ಶಾಯಿ ಜಜ್ಜಿಹೋಗುತ್ತದೆ. ಹಿಂಬದಿಗೆ ಆಮ್ಲರಹಿತ ರಟ್ಟು ಇರಲಿ. ಹಾಳೆಯನ್ನು ಆ ರಟ್ಟಿಗೆ ಪೂರ್ತಿಯಾಗಿ ಅಂಟಿಸಿ ಸಪಾಟು ಮಾಡಿಕೊಡುತ್ತೇನೆ ಎನ್ನುವ ಚೌಕಟ್ಟಿನವರಿಂದ ಹಾಳೆಯನ್ನು ವಾಪಸ್ಸು ತನ್ನಿ. ಮೇಲಂಚಿನಲ್ಲಿ ತೆಳು ಜಪಾನೀ ಕಾಗದದ ಎರಡು ಪಟ್ಟಿಗಳನ್ನು ಗೋಧಿಯ ಅಂಟಿನಿಂದ ಹಚ್ಚಿ ಇಳಿಬಿಟ್ಟರೆ ಸಾಕು. ಚೌಕಟ್ಟಿಗೆ ಹಾಕುವ ಮುನ್ನ ಒಂದು ಸಲ ಹಾಳೆಯನ್ನು ಮಗುಚಿ ಹಿಂಬದಿಯನ್ನು ಓರೆ ಬೆಳಕಿನಲ್ಲಿ ನೋಡಿಕೊಳ್ಳಿ. ಆಮೇಲೆ ಬಹಳ ವರ್ಷ ಆ ಅವಕಾಶ ಸಿಗುವುದಿಲ್ಲ.